ಎಷ್ಟನೆಯ ಕೂಸು

ಧಾರವಾಡದಿಂದ ಬಂದ ಸಾಹೇಬರಿಗೆ
ಕಪಾಟಿನ ಕೀಲಿ ಕೊಟ್ಟೆ.
ಬೆಟಗೇರಿ ಕಡೀ ಜನನ ರಜಿಸ್ಟರು,
ಹಳೇವು ಮ್ಯಾಲಿನ ಖಾನೆದಾಗ, ಹುಳ ಹೊಡದಾವ,
ಒತ್ತಿ ಹಿಡೀಬ್ಯಾಡ್ರಿ, ಹಾಳಿ ಮುರೀತಾವ.

ಅವರಿಗೆ ಬೇಕಾಗಿದ್ದು ಒಂದ ಕಾಲಂ:
ಈ ತಾಯಿಗೆ ಇದು ಎಷ್ಟನೆಯ ಕೂಸು.
ಇಪ್ಪತ್ತಾರು ವರ್ಷ ಅದನ್ನ ತುಂಬೀನಿ ನಾನು.
ಮೊದಮೊದಲು ನಾಕು, ಐದು, ಮತ್ತ ನಾಕು.
ಈಗ ಒಂದು, ಒಂದು, ಎರಡು, ಒಂದು,
ಮಳಿ ನಿಂತ ಮ್ಯಾಲ ತಗಡಿನ ಅಂಚಿನಿಂದ
ಬೀಳೂ ಹನಿ ಹಂಗ.
ಕಡೀ ಸಲ ಏಳು ಬರಿಯೂ ಮುಂದ ಆ ಗಂಡ
ಕೌಂಟರಿಗೆ ಬಗ್ಗಿ ಸಣ್ಣ ದನಿಲೆ ಅಂದಿದ್ದ,
'ಆರು ಅಂತ ಹಾಕ್ರಿ ಅಕ್ಕಾರ.'

ಸಾಹೇಬರು ಪಡದೆ ಮ್ಯಾಲ ತೋರಿಸಿದರು:
ಇಲ್ಲೀತನಕ ಒಂದ ಗೆರಿ,
ಇಲ್ಲಿಂದ ಮುಂದ ಮೂರು ಎಳಿ,
ಮಗ್ಗದಿಂದ ಕಡದ ಸೀರಿ ತುದಿಗೆ
ದಾರ ಬಿಚ್ಚಿಕೊಂಡಂಗ.
ಎರಡು ಸಾವಿರದ ನೂರನೇ ಇಸವಿ.
'ನಡುವಿಂದು ಖರೇ ಏನ್ರಿ?' ಅಂದೆ.
'ನಡುವಿಂದು ನಡುವ ಐತಿ, ಅಷ್ಟ' ಅಂದ್ರು.
ಒಳ್ಳೇ ಮನಶಾ.

ನಾನೂ ಏನು ಕಮ್ಮಿ ಇಲ್ಲ.
ಪ್ರತಿ ಮಾರ್ಚಿಗೆ ಬೇಡಿಕೆ ಪಟ್ಟಿ ಕಳಸ್ತೀನಿ:
ಬರೂ ವರ್ಷಕ್ಕ ಎಷ್ಟು ಫಾರ್ಮು, ಎಷ್ಟು ಬುಕ್ಕು.
ಲಾಕ್‌ಡೌನಿನಾಗ ಆಫೀಸಿಗೆ ಆಫೀಸ ನಕ್ಕಿತ್ತು,
'ಎಲ್ಲಾರೂ ಮನ್ಯಾಗ ಕುಂತಾರ, ಹೆಚ್ಚಿಗಿ ತರಸ್ರಿ.'
ತರಸಿದೆ. ಆ ಕಟ್ಟಿನ ಸುತಳಿ ಇನ್ನೂ ಬಿಚ್ಚಿಲ್ಲ,
ಅದರ ಮ್ಯಾಲ ಡಬ್ಬಿ ಇಟ್ಟು ಉಣ್ತೇವಿ.

ನಾ ಸಣ್ಣಾಕಿದ್ದಾಗ ಈ ಕಾಂಪೌಂಡಿಗೆ
ಕೆಂಪು ತ್ರಿಕೋನ ಬಳದಿದ್ರು.
ಸುಣ್ಣದ ಕೆಳಗ ಇನ್ನೂ ಮಸುಕ ಮಸುಕ ಐತಿ.
ಅದರ ಮ್ಯಾಲ ಈಗ ದವಾಖಾನಿ ಬೋರ್ಡು:
ಸಂತಾನ ಭಾಗ್ಯ, ಕಂತಿನ ಸೌಲಭ್ಯ ಉಂಟು.

ಅಷ್ಟರಾಗ ಬಂದಳು ಮುದುಕಿ, ಪಿಂಚಣಿ ಸಲುವಾಗಿ,
ಹುಟ್ಟಿದ ತಾರೀಖು ಬೇಕಂತ.
ಹೆಸರು? ಸಾಕವ್ವ.
ಅಪ್ಪ? ತಿರಕಪ್ಪ, ನೇಕಾರ ಓಣಿ.
ಸಾಹೇಬರೂ ಚಾಳೀಸು ಏರಿಸಿ ಹುಡುಕಿದರು.
ಐವತ್ತಮೂರು, ಶ್ರಾವಣದ ಸುಮಾರು:
ಹೆಣ್ಣು. ಐದನೆಯದು.
ಹೆಸರಿನ ಜಾಗಾ ಖಾಲಿ.

'ನಾಕು ಹೆಣ್ಣಿನ ಮ್ಯಾಲ ನಾ. ಅದಕ ಸಾಕು ಅಂದ್ರು.
ದಿನಾ ಕೂಗಿದ್ರ ದೇವರಿಗೆ ಕೇಳತೈತಿ ಅಂತ.'
ಕೇಳಸ್ತೇನಬೇ?
'ಕಿವುಡ ಇರಬೇಕು. ನನ್ನ ಬೆನ್ನಿಗೆ ಮತ್ತ ಮೂರು.
ಒಬ್ಬನ್ನ ತಿಪ್ಪಿಗಿ ಒಗದು ತಂದು ತಿಪ್ಪಣ್ಣ ಅಂದ್ರು,
ಸಾವು ಹೇಸಲಿ ಅಂತ. ಹೇಸಲಿಲ್ಲ.
ಚಂದ ಹೆಸರಿನ ಚಂಪಾವತಿ ಇನ್ನೂ ಗಟ್ಟಿ ಅದಾಳ,
ಮುಳಗುಂದ ನಾಕಾದಾಗ, ಎಲ್ಲಾರಿಗೂ ಬೈಕೋತ.'

ಆಮ್ಯಾಲ ಪಡದೆ ನೋಡಿದಳು.
'ಇವೇನಪಾ ಮೂರು ದಾರ?'
'ಇನ್ನ ಮುಂದ ಹುಟ್ಟವರು, ಅಮ್ಮಾರ.'
'ಅಯ್ಯ! ಕೂಸು ಹುಟ್ಟೂ ಮೊದಲ ಕುಂಚಿಗಿ?'
ಸಾಹೇಬರು ನಕ್ಕರು. 'ನಮಗ ಪಗಾರ ಕೊಡೂದ
ಕುಂಚಿಗಿ ಹೊಲ್ಯಾಕ.
ಮೂರು ಅಳತಿ ಹೊಲೀತೇವಿ,
ತಲಿ ಯಾವ ಅಳತೀದು ಬರತೈತೋ.'

ಖಾಲಿ ಜಾಗಾಕ್ಕ ಹೆಸರು ಕೂಡಸಾಕ
ಅಫಿಡವಿಟ್ ಬೇಕು, ಎರಡು ಸಾಕ್ಷಿ ಬೇಕು.
ಸಾಕ್ಷಿಗೆ ಚಂಪಾವತಿನ್ನ ಕರಕೊಂಡು ಬಾ ಅಂದೆ.
'ಆಕಿ ನನಗಿಂತ ಸಣ್ಣಾಕಿ, ಆಕಿಗೇನು ಗೊತ್ತು'
ಅಂತ ಗೊಣಗಿಕೋತ ಮೆಟ್ಟಿಲು ಇಳದಳು.

ಐದಕ್ಕ ಕೀಲಿ ಹಾಕೂ ಹೊತ್ತಿಗೆ ಒಂದು ಜೋಡಿ,
ಹೆಲ್ಮೆಟ್ಟಿನಾಗ ಕೂಸಿನ ಟೊಪ್ಪಿಗಿ, ಹಾಲಿನ ಬಾಟ್ಲಿ.
ಎಷ್ಟನೇದು? ಒಂದನೇದು.
ಹೆಸರು? ಇನ್ನೂ ಮೊಬೈಲಿನಾಗ ಹುಡಕಾಕತ್ತೇವ್ರಿ.
ಫಾರ್ಮಿನಾಗ ಇಲ್ಲದ್ದನ್ನ ನಾ ಯಾಕ ಕೇಳಿದ್ನೋ,
'ಮುಂದ ಮತ್ತೊಂದು?'
'ಸಾಕ್ರಿ' ಅಂದ ಅವ.
'ನೋಡೂಣ್ರಿ' ಅಂದಳು ಆಕಿ.
ಇಬ್ಬರೂ ಒಂದ ಸಲಕ್ಕ.

ಅವರು ಹ್ವಾದ ಮ್ಯಾಲ
ಬೇಡಿಕೆ ಪಟ್ಟಿ ತಗದು ಒಂದು ಅಂಕಿ ಬರದೆ,
ಪೆನ್ಸಿಲಿನಿಂದ.